ದೊಡ್ಡಪ್ಪನ ತೂಕ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಮತ್ತೆ ಅದೇ ಉತ್ತರ. ಆ ದೂರದ ಗೆಲಾಕ್ಸಿಗೆ ಹತ್ತು ಸಾವಿರ ಕೋಟಿ ಸೂರ್ಯರಷ್ಟು ತೂಕ.

ಧೂಳಿನ ಅಂದಾಜು ಬದಲಿಸಿದೆ. ನಕ್ಷತ್ರಗಳ ವಯಸ್ಸು ಬದಲಿಸಿದೆ. ತೂಕದ ಲೆಕ್ಕ ಹಾಕುವ ಕೋಡ್ ಊರೆಲ್ಲ ಸುತ್ತಿ ಬಂದು ಅದೇ ಬಾಗಿಲಲ್ಲಿ ನಿಲ್ಲುತ್ತದೆ. ನಾವಿರುವ ಗೆಲಾಕ್ಸಿಯ ನಕ್ಷತ್ರಗಳನ್ನೆಲ್ಲ ತಕ್ಕಡಿಗೆ ಹಾಕಿದರೂ ಇದರ ಅರ್ಧಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಇರಲಿ, ದೊಡ್ಡ ಗೆಲಾಕ್ಸಿಗಳಿಗೇನು ಬರವಿಲ್ಲ. ತೊಂದರೆ ಇರುವುದು ಕಾಲದಲ್ಲಿ. ವಿಶ್ವಕ್ಕೆ ಈಗ ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ. ಈ ಬೆಳಕು ಹೊರಟಾಗ ಅದಕ್ಕೆ ಬರೀ ನೂರಿಪ್ಪತ್ತು ಕೋಟಿ. ಮಿಕ್ಕವೆಲ್ಲ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಇದೊಂದು ಮೀಸೆ ಬಿಟ್ಟು, ದುಡಿದು, ಹೊಸ ನಕ್ಷತ್ರ ಹುಟ್ಟಿಸುವ ಕೆಲಸದಿಂದಲೇ ನಿವೃತ್ತಿಯಾಗಿ ಕೂತಿದೆ. ಅದಕ್ಕೇ ಆಫೀಸಿನಲ್ಲಿ ಎಲ್ಲರೂ ಅದನ್ನು ದೊಡ್ಡಪ್ಪ ಅನ್ನುವುದು.

ಮೊದಲ ಸಲ ಆ ಹೆಸರು ಕೇಳಿದಾಗ ಅತ್ತೆ ಗಾಬರಿಯಾಗಿದ್ದರು. "ಯಾರ ದೊಡ್ಡಪ್ಪ? ಯಾವಾಗ ಬರ್ತಾರೆ? ಎಲ್ಲಿ ಮಲಗಿಸೋದು?" ಈಗ ಅಭ್ಯಾಸವಾಗಿದೆ. ಬ್ರೆಡ್ ಬಿಸಿ ಮಾಡುತ್ತಾ ಕೇಳಿದರು, "ದೊಡ್ಡಪ್ಪ ಸ್ವಲ್ಪನಾದ್ರೂ ಇಳಿದ್ರಾ?"

"ಇಲ್ಲ ಅತ್ತೆ."

"ಓಡಿಸು. ಎರಡು ಸುತ್ತು." ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಎಲ್ಲದಕ್ಕೂ ಅದೇ ಮದ್ದು.

ಮೇಜಿನ ಆ ತುದಿಯಲ್ಲಿ ಇವನು — ನನ್ನ ಗಂಡ — ತಲೆ ಎತ್ತಲಿಲ್ಲ. ಇವನ ಕೆಲಸ ಕಂಪ್ಯೂಟರಿನೊಳಗೆ ವಿಶ್ವ ಕಟ್ಟುವುದು. ನನ್ನದು ಹೊರಗಿನ ವಿಶ್ವವನ್ನು ಅಳೆಯುವುದು. ಇವನ ವಿಶ್ವದಲ್ಲಿ ದೊಡ್ಡಪ್ಪ ಹುಟ್ಟುವುದಿಲ್ಲ. ನನ್ನ ಅಳತೆಯಲ್ಲಿ ದೊಡ್ಡಪ್ಪ ಇದ್ದಾನೆ. ಇಬ್ಬರಲ್ಲಿ ಒಬ್ಬರು ತಪ್ಪು. ಹನ್ನೆರಡು ವರ್ಷದ ಸಂಸಾರದಲ್ಲಿ ಇದೇನು ಹೊಸದಲ್ಲ. ಹೊಸದೆಂದರೆ ಸಂಸ್ಥೆಯಲ್ಲಿ ಒಂದು ಖಾಯಂ ಹುದ್ದೆ ಖಾಲಿಯಾಗಿದೆ. ನಮ್ಮಿಬ್ಬರ ಕಾಂಟ್ರ್ಯಾಕ್ಟೂ ಜೂನ್‌ಗೆ ಮುಗಿಯುತ್ತದೆ. ಇಬ್ಬರೂ ಅರ್ಜಿ ಹಾಕಿದ್ದೇವೆ. ಇಂಟರ್‌ವ್ಯೂ ಇಪ್ಪತ್ತೊಂದಕ್ಕೆ. ನನಗೆ ಬೆಳಿಗ್ಗೆ, ಇವನಿಗೆ ಮಧ್ಯಾಹ್ನ.

ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.


ಮಾರ್ಚ್ 5, ಬುಧವಾರ, ಸಂಜೆ

ಪುಟ್ಟಿ ಊಟದ ಮೇಜಿನಲ್ಲಿ ನೇರವಾಗಿ ಕೇಳಿದಳು. "ಅಪ್ಪಾ, ನಿನ್ನ ಕಂಪ್ಯೂಟರಲ್ಲಿ ದೊಡ್ಡಪ್ಪ ಯಾಕೆ ಹುಟ್ಟಲ್ಲ?"

ಒಂಬತ್ತು ವರ್ಷದವಳಿಗೆ ಹೇಗೆ ಹೇಳುತ್ತಾನೋ ಅಂತ ನಾನೂ ಕಿವಿಗೊಟ್ಟೆ.

"ಮೊದಲು ಎಲ್ಲ ಕಡೆ ಅನಿಲ ಹರಡಿರುತ್ತೆ ಪುಟ್ಟಿ. ಕಾಣದ ಒಂದು ಪದಾರ್ಥ ಇದೆ, ಡಾರ್ಕ್ ಮ್ಯಾಟರ್ ಅಂತ. ಅದು ಅಲ್ಲಲ್ಲಿ ಗುಡ್ಡೆ ಆಗುತ್ತೆ. ಅನಿಲ ಆ ಗುಡ್ಡೆಯ ಸೆಳೆತಕ್ಕೆ ಬೀಳುತ್ತೆ, ತಣ್ಣಗಾಗುತ್ತೆ, ನಕ್ಷತ್ರ ಆಗುತ್ತೆ. ಚಿಕ್ಕ ಚಿಕ್ಕ ಗೆಲಾಕ್ಸಿಗಳು ಒಂದಕ್ಕೊಂದು ಸೇರ್ಕೊಂಡು ದೊಡ್ಡದಾಗುತ್ತವೆ. ಅದಕ್ಕೆ ಟೈಮ್ ಬೇಕು."

"ಎಷ್ಟು?"

"ನಿಮ್ಮಮ್ಮ ಕೊಡೋದಕ್ಕಿಂತ ಜಾಸ್ತಿ."

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಇವನು ಹೇಳಿದ್ದು ಸರಿಯೇ. ನಕ್ಷತ್ರ ಹುಟ್ಟಿದ ಮೇಲೆ ಸುಮ್ಮನಿರುವುದಿಲ್ಲ. ಭಾರದವು ಬೇಗ ಸಿಡಿದು, ಉಳಿದ ಅನಿಲವನ್ನು ಊದಿ ಹೊರಗೆ ಅಟ್ಟುತ್ತವೆ. ಹೀಗೆ ಸೋರಿ ಸೋರಿ, ಬಿದ್ದ ಅನಿಲದಲ್ಲಿ ಐದರಲ್ಲೊಂದು ಪಾಲು ನಕ್ಷತ್ರವಾದರೆ ಅದೇ ಪುಣ್ಯ. ದೊಡ್ಡಪ್ಪ ಅಷ್ಟು ಬೇಗ ಅಷ್ಟು ದೊಡ್ಡವನಾಗಬೇಕಾದರೆ ಹೆಚ್ಚುಕಡಿಮೆ ಪೂರ್ತಿ ಅನಿಲ ನಕ್ಷತ್ರವಾಗಿರಬೇಕು. ಒಂದು ತೊಟ್ಟೂ ಸೋರದ ಕೊಡ. ಅಂಥ ಕೊಡ ಯಾರೂ ನೋಡಿಲ್ಲ.

ಹಾಗಾದರೆ ನಾನು ನೋಡುತ್ತಿರುವುದೇನು?

ಪುಟ್ಟಿ ಮಲಗಲು ಹೋಗುವಾಗ ಕೇಳಿದಳು, "ಇಬ್ಬರಲ್ಲಿ ಯಾರು ಗೆದ್ದರೆ ಒಳ್ಳೇದು?" ದೊಡ್ಡಪ್ಪನ ಬಗ್ಗೆ ಕೇಳಿದಳೋ ಹುದ್ದೆಯ ಬಗ್ಗೆ ಕೇಳಿದಳೋ ತಿಳಿಯಲಿಲ್ಲ. ದೀಪ ಆರಿಸಿ ಬಂದೆ.


ಮಾರ್ಚ್ 11, ಮಂಗಳವಾರ

ಸ್ಪೆಕ್ಟ್ರಮ್ ಬಂತು.

ಉಪಕರಣ ವಿಭಾಗದ ಕನ್ನಡಕ — ಅವನಿಗೆ ನಿಜವಾದ ಹೆಸರು ಇದ್ದೇ ಇದೆ, ಆದರೆ ಆ ದಪ್ಪ ಗಾಜು ನೋಡಿದ ಮೇಲೆ ಯಾರೂ ಅದನ್ನು ಬಳಸುವುದಿಲ್ಲ — ಫೋನಿನಲ್ಲಿ ಬರೀ "ಬನ್ನಿ" ಅಂದ. ಮೆಟ್ಟಿಲು ಎರಡೆರಡಾಗಿ ಹತ್ತಿದೆ. ಇಷ್ಟು ದಿನ ಇದ್ದದ್ದು ಬಣ್ಣದ ಫೋಟೋ ಮಾತ್ರ. ಹತ್ತಿರದ ಯಾವುದೋ ಧೂಳು ತುಂಬಿದ ಗೆಲಾಕ್ಸಿ ದೂರದ್ದರ ವೇಷ ಹಾಕಿರಬಹುದಿತ್ತು. ಸ್ಪೆಕ್ಟ್ರಮ್ಮಿಗೆ ವೇಷ ಹಾಕಲಾಗುವುದಿಲ್ಲ. ಬೆಳಕನ್ನು ಬಿಡಿಸಿಟ್ಟರೆ ದೂರ ಎಷ್ಟು, ವಯಸ್ಸು ಎಷ್ಟು, ಬಾಯಿಬಿಡುತ್ತದೆ.

ದೂರ ಸರಿ. ನೂರಿಪ್ಪತ್ತು ಕೋಟಿ ವರ್ಷದ ವಿಶ್ವವೇ. ಬೆಳಕು ಹೀರಿಕೊಂಡ ಕಡೆಯ ಕಪ್ಪು ಗೆರೆಗಳು ಆಳವಾಗಿ, ಸ್ಪಷ್ಟವಾಗಿ ಕೂತಿವೆ. ಅಂದರೆ ನಕ್ಷತ್ರಗಳು ಎಳೆಯವಲ್ಲ. ಹೊಸವು ಹುಟ್ಟುವುದು ನಿಂತು ಮೂವತ್ತು ಕೋಟಿ ವರ್ಷವಾದರೂ ಆಗಿರಬೇಕು. ನಡುವೆ ದೊಡ್ಡ ಕಪ್ಪುಕುಳಿ ಕೂತು, ನುಂಗುವ ಅನಿಲದಿಂದ ಹೊಳೆದು ಮೋಸ ಮಾಡುತ್ತಿದೆಯೋ ಅಂತ ಹುಡುಕಿದೆವು. ಆ ಗುರುತೂ ಇಲ್ಲ.

"ಕುಣೀಬೋದು," ಅಂದ ಕನ್ನಡಕ. ಕುಣಿಯಲಿಲ್ಲ. ಕುರ್ಚಿ ಹುಡುಕಿ ಕೂತೆ.

ಮನೆಗೆ ಬಂದು ಇವನಿಗೆ ತೋರಿಸಿದೆ. ನಿಂತುಕೊಂಡೇ ನೋಡಿದ. ತುಂಬಾ ಹೊತ್ತು ನೋಡಿದ. "ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ," ಅಂದ. ಆಮೇಲೆ ಹೋಗಿ ಪಾತ್ರೆ ತೊಳೆದ. ಇವತ್ತು ಪಾತ್ರೆ ನನ್ನ ಸರದಿ. ತೊಳೆದದ್ದು ಪ್ರೀತಿಗೋ, ಮುಖ ತೋರಿಸದಿರುವುದಕ್ಕೋ…


ಮಾರ್ಚ್ 15, ಶನಿವಾರ

ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದೇವೆ. ಉಪ್ಪು ದಾಟಿಸಿದರೆ ಥ್ಯಾಂಕ್ಸ್. ಬಾಗಿಲು ಹಾಕಿದರೆ ಥ್ಯಾಂಕ್ಸ್. ಏನೋ ಸರಿಯಿಲ್ಲ.

ಅತ್ತೆಗೂ ಬಿಸಿ ತಟ್ಟಿದೆ. "ನೀವಿಬ್ಬರೂ ಜಗಳ ಆಡಿ ಮುಗಿಸ್ಬಾರ್ದಾ? ಈ ಮರ್ಯಾದೆ ನನಗೆ ತಡೆಯಕ್ಕಾಗ್ತಿಲ್ಲ."

ಕನ್ನಡಕ ತನ್ನ ಕೋಡಿನಲ್ಲಿ ತೂಕ ಹಾಕಿದ. ನನ್ನದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಬಂತು. ಅದೇ ಬೆಳಕು, ಅದೇ ಗೆರೆಗಳು. ನಾನು ಹಳೆಯ ನಕ್ಷತ್ರಗಳು ಹೆಚ್ಚಿವೆ ಅಂದುಕೊಂಡೆ, ಅವನು ಧೂಳು ಹೆಚ್ಚಿದೆ ಅಂದುಕೊಂಡ. ಎರಡೂ ಕೆಂಪಗೇ ಕಾಣುತ್ತವೆ. ಯಾರು ಸರಿ? ಅವನು ತಲೆ ಕೆರೆದುಕೊಂಡ. ನಾನೂ. ಮೂರನೆಯವನನ್ನು ಕೇಳಿದರೆ ಮೂರನೆಯ ತೂಕ ಸಿಗುತ್ತದೆ, ಅಷ್ಟೇ.

ಆದರೂ ಅವನ ಕಡಿಮೆ ತೂಕವೇ ಇವನ ಮಾಡೆಲ್ಲಿಗೆ ಜಾಸ್ತಿ. ಇಂಟರ್‌ವ್ಯೂ ಸಮಿತಿಯ ಮುಂದೆ ಎರಡೂ ಸಂಖ್ಯೆ ಇಡುತ್ತೇನೆ.

ಇವನು ಎರಡು ಸಲ ನನ್ನ ಕೋಣೆಯ ಬಾಗಿಲಿಗೆ ಬಂದ. "ಏನು?" ಅಂದೆ. "ಏನಿಲ್ಲ, ಚಾರ್ಜರ್," ಅಂದ. ಚಾರ್ಜರ್ ಅವನ ಕೈಯಲ್ಲೇ ಇತ್ತು.


ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ

ಇಂಟರ್‌ವ್ಯೂಗೆ ಇನ್ನೂ ಸಮಯವಿದೆ. ಸಂಸ್ಥೆಯ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈ ಓಡುತ್ತಿಲ್ಲ.

ಮನೆಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಇವನು ಹಿಂದೆ ಬಂದು ನಿಂತ.

"ಒಂದು ಮಾತು ಹೇಳ್ಲಾ? ಈಗ ಹೇಳೋದು ಸರಿಯಲ್ಲ ಅಂತ ಗೊತ್ತು."

"ಹೇಳು."

"ದೊಡ್ಡಪ್ಪನ ಪಕ್ಕದಲ್ಲಿ ಕೆಳಗೆ ಒಂದು ಮಸುಕು ಚುಕ್ಕೆ ಇದೆಯಲ್ಲ, ಕೆಂಪಗೆ."

"ಇದೆ. ಚಿಕ್ಕದು. ಬಿಟ್ಟಿದ್ದೀನಿ."

"ಚಿಕ್ಕದು ಅಂತ ಹೇಗೆ ಗೊತ್ತು? ಧೂಳಿನೊಳಗೆ ಅಡಗಿರೋ ದೊಡ್ಡದಾಗಿದ್ರೆ? ನಮಗೂ ದೊಡ್ಡಪ್ಪನಿಗೂ ಮಧ್ಯೆ ಇದ್ರೆ?"

ಇಸ್ತ್ರಿಪೆಟ್ಟಿಗೆ ಎತ್ತಲು ಮರೆತೆ. ತೋಳಿನ ಮೇಲೆ ಕಂದು ಕಲೆ ಕೂತಿತು.

ದಾರಿಯಲ್ಲಿ ಭಾರದ ಗೆಲಾಕ್ಸಿ ಕೂತಿದ್ದರೆ ಅದರ ಸೆಳೆತ ಹಿಂದಿನ ಬೆಳಕನ್ನು ಬಾಗಿಸುತ್ತದೆ. ಭೂತಗನ್ನಡಿ ಹಿಡಿದ ಹಾಗೆ. ಹಿಂದಿರುವುದು ಇದ್ದದ್ದಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಬೆಳಗಿ ಕಾಣುತ್ತದೆ. ಬೆಳಕು ಮೂರು ಪಟ್ಟು ಅಂದರೆ ನಾನು ಹಾಕಿದ ತೂಕವೂ ಮೂರು ಪಟ್ಟು. ದೊಡ್ಡಪ್ಪ ಮೂರನೇ ಒಂದಕ್ಕೆ ಇಳಿಯುತ್ತಾನೆ. ಆಗ ಇವನ ಮಾಡೆಲ್ಲಿನೊಳಗೆ ಆರಾಮಾಗಿ ಕೂರುತ್ತಾನೆ.

"ಇವತ್ತೇ ಹೇಳ್ಬೇಕಿತ್ತಾ?" ಅಂದೆ.

ಏನೋ ಹೇಳಲು ಬಾಯಿ ತೆರೆದ. ಪುಟ್ಟಿ ಸಾಕ್ಸ್ ಹುಡುಕುತ್ತಾ ಬಂದಳು. ಅಷ್ಟಕ್ಕೇ ನಿಂತಿತು.

ಬೇರೆ ಅಂಗಿ ಹಾಕಿಕೊಂಡು ಬಂದೆ. ಯೋಚನೆ ಮುಂದೆ ಹೋಗುತ್ತಿಲ್ಲ. ನನ್ನ ಒಳ್ಳೆಯದಕ್ಕೆ ಹೇಳಿದನಾ? ನನ್ನ ಕೈಕಾಲು ತಣ್ಣಗಾಗಲಿ ಅಂತ ಹೇಳಿದನಾ? ಸಮಿತಿಗೆ ಹೇಳಲೋ ಬಿಡಲೋ? ಹೇಳಿದರೆ ನನ್ನ ಕಾಲಿಗೆ ನಾನೇ ಕೊಡಲಿ. ಬಿಟ್ಟರೆ… ಚುಕ್ಕೆ ಅಲ್ಲೇ ಇರುತ್ತದಲ್ಲ.


ಅದೇ ದಿನ, ಮಧ್ಯಾಹ್ನ

ಹೇಳಿದೆ.

ಸ್ಲೈಡ್ ಇರಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, "ಇದರ ದೂರ ನನಗೆ ಗೊತ್ತಿಲ್ಲ. ಇದು ಮಧ್ಯೆ ಇದ್ದು ಭಾರವಾಗಿದ್ದರೆ, ಇಷ್ಟು ಹೊತ್ತು ಹೇಳಿದ ತೂಕ ಮೂರನೇ ಒಂದಾಗಬಹುದು," ಅಂದೆ. ಡೈರೆಕ್ಟರ್ ಪೆನ್ನು ಕೆಳಗಿಟ್ಟರು. ಹೊರಗಿನಿಂದ ಬಂದ ಸದಸ್ಯೆ, ಬೆಳ್ಳಿ ಕೂದಲಿನ ಹೆಂಗಸು — ಇಂಥ ಭೂತಗನ್ನಡಿಗಳ ಮೇಲೇ ಜೀವಮಾನ ಕಳೆದವರಂತೆ — ಮುಂದೆ ಬಾಗಿ ನಕ್ಕರು.

"ನಾನು ಅದನ್ನೇ ಕೇಳೋಣ ಅಂತಿದ್ದೆ. ಯಾವಾಗ ಗಮನಿಸಿದ್ರಿ?"

"ಇವತ್ತು ಬೆಳಿಗ್ಗೆ."

"ಬೆಳಿಗ್ಗೆ," ಅಂದರು, ಬಾಯಿಯಲ್ಲಿ ಇಟ್ಟುಕೊಂಡು ರುಚಿ ನೋಡಿದ ಹಾಗೆ. ಅದು ಮೆಚ್ಚುಗೆಯೋ ಅಲ್ಲವೋ. ಡೈರೆಕ್ಟರ್ ಕೇಳಿದರು, "ಹಾಗಾದ್ರೆ ಈಗ ನಿಮ್ಮ ಫಲಿತಾಂಶ ಏನು?"

"ದೊಡ್ಡದು, ಅಥವಾ ಸಾಧಾರಣ," ಅಂದೆ.

ಹೊರಗೆ ಬಂದಾಗ ಇವನು ಬೆಂಚಿನ ಮೇಲೆ ಕೂತಿದ್ದ, ಟೈ ಸೊಟ್ಟಗೆ. ಅಭ್ಯಾಸಬಲ. ಸರಿಮಾಡಿದೆ. ಒಳಗೆ ಹೋದ.


ಮಾರ್ಚ್ 23, ಭಾನುವಾರ

ಆ ಬೆಳ್ಳಿ ಕೂದಲಿನವರು ಸಮಿತಿಯಲ್ಲಿರುತ್ತಾರೆ ಅಂತ ಇವನಿಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ನನ್ನನ್ನು ಉಳಿಸಿದ. ಗೊತ್ತಿಲ್ಲದಿದ್ದರೆ ಕೆಡವಲು ನೋಡಿದ. ಕೇಳಿದರೆ ಮುಗಿಯಿತು. ಕೇಳುತ್ತಿಲ್ಲ. ಯಾಕೆ ಕೇಳುತ್ತಿಲ್ಲ ಅನ್ನುವುದೂ ಅರ್ಥವಾಗುತ್ತಿಲ್ಲ.

ಒಟ್ಟಿಗೆ ತರಕಾರಿ ತರಲು ಹೋದೆವು. ಆಲೂಗೆಡ್ಡೆ ಆರಿಸುವುದರಲ್ಲಿ ಇಬ್ಬರಿಗೂ ಎಂಥ ಶ್ರದ್ಧೆ.


ಏಪ್ರಿಲ್ 9, ಬುಧವಾರ

ಹುದ್ದೆ ಇವನಿಗೆ.

ಆಫೀಸಿನ ಕಾರಿಡಾರಿನಲ್ಲಿ ಸಿಕ್ಕಿ ಇವನೇ ಹೇಳಿದ. ಮುಖ ನೋಡಿದರೆ ಯಾರೋ ತೀರಿಕೊಂಡ ಸುದ್ದಿ ತಂದವನ ಹಾಗೆ. "ಕಂಗ್ರಾಟ್ಸ್," ಅಂದೆ. ಕೈ ಕುಲುಕಿದೆ. ಗಂಡನ ಕೈ ಕುಲುಕಿದ್ದು ಬಹುಶಃ ಇದೇ ಮೊದಲು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಳು ಬರಲಿಲ್ಲ. ಖುಷಿಯೂ ಬರಲಿಲ್ಲ. ಮನೆಗೆ ಒಂದು ಖಾಯಂ ಹುದ್ದೆ ಬಂತು, ಒಳ್ಳೆಯದೇ. ನನಗೆ ಬರಲಿಲ್ಲ, ಕೆಟ್ಟದ್ದೇ. ಎರಡನ್ನೂ ಕೂಡಿಸಿದರೆ ಏನು ಬರುತ್ತದೆ?

ಅತ್ತೆ ಮಗನ ಬೆನ್ನು ತಟ್ಟಿದರು. ನನ್ನ ಬೆನ್ನನ್ನೂ ತಟ್ಟಿದರು, ಅದಕ್ಕಿಂತ ಜೋರಾಗಿ. ಎಡವಿ ಬೀಳುವುದಿತ್ತು.


ಏಪ್ರಿಲ್ 11, ಶುಕ್ರವಾರ

ಡೈರೆಕ್ಟರ್ ಕರೆಸಿದರು. ಸಮಾಧಾನ ಹೇಳಲು. ಕುರ್ಚಿ ತೋರಿಸಿ, ನೀರು ಕೊಟ್ಟು, ಕಿಟಕಿ ಕಡೆ ನೋಡುತ್ತಾ ಮಾತಾಡಿದರು.

"ನಿಮ್ಮ ಪ್ರಾಮಾಣಿಕತೆ ಎಲ್ಲರಿಗೂ ಹಿಡಿಸ್ತು. ಆದ್ರೆ ಸಮಿತಿಗೆ ಕೈಯಲ್ಲಿ ಹಿಡಿಯೋವಂಥದ್ದು ಬೇಕಿತ್ತು."

"ಸರಿ ಸರ್."

"ಒಂದು ವಿಚಿತ್ರ ಹೇಳ್ಲಾ? ನಿಮ್ಮ ಯಜಮಾನರನ್ನ ಕೇಳಿದ್ವಿ, ನಿಮ್ಮ ಮನೆಯವರ ಗೆಲಾಕ್ಸಿ ಬಗ್ಗೆ ಏನಂತೀರಿ ಅಂತ. ಚುಕ್ಕೆ ವಿಷಯ ಎತ್ತಿ ತಪ್ಪಿಸ್ಕೋಬಹುದಿತ್ತು. 'ಅವಳ ಅಳತೆ ಸರಿ ಇದ್ರೆ ನನ್ನ ಹತ್ತು ವರ್ಷದ ಮಾಡೆಲ್ ತಪ್ಪು. ನನಗೇನೋ ಅವಳೇ ಸರಿ ಅನ್ಸುತ್ತೆ,' ಅಂದ್ರು."

ನೀರು ಕುಡಿದೆ. ಪೂರ್ತಿ ಕುಡಿದೆ.

ಅವಳೇ ಸರಿ ಅನ್ನಿಸಿದ್ದರೆ ಬೆಳಿಗ್ಗೆ ಹಾಗೆ ಯಾಕೆ ಹೇಳಿದ? ಬೆಳಿಗ್ಗೆ ಹೇಳಿದ್ದು ನಿಜವಾದರೆ ಮಧ್ಯಾಹ್ನ ಹೀಗೆ ಯಾಕೆ ಹೇಳಿದ? ಹನ್ನೆರಡು ವರ್ಷ ಪಕ್ಕದಲ್ಲೇ ಮಲಗಿದ ಮನುಷ್ಯ. ಸಾವಿರಾರು ಕೋಟಿ ವರ್ಷದಾಚೆಯ ಗೆಲಾಕ್ಸಿಯ ವಯಸ್ಸು ಹೇಳುತ್ತೇನೆ, ಇವನೊಂದು ಮಾತಿನ ತಲೆಬುಡ ತಿಳಿಯುವುದಿಲ್ಲ.


ಮೇ 6, ಮಂಗಳವಾರ, ಮಧ್ಯಾಹ್ನ

ಎಷ್ಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಕಾಂಟ್ರ್ಯಾಕ್ಟ್ ಮುಂದುವರಿಸಲು ಆಗುವುದಿಲ್ಲವಂತೆ. ಹಾಗಾಗಿ ನಾಲ್ಕು ಕಡೆ ಅರ್ಜಿ ಹಾಕಿದ್ದೆ. ಎರಡು ಕಡೆ 'ಇಲ್ಲ', ಒಂದು ಕಡೆ ಮೌನ. ಸಮುದ್ರದ ದಂಡೆಯ ಊರಿನ ವೀಕ್ಷಣಾಲಯದವರು ಮಾತ್ರ ಫೋನಿನಲ್ಲೇ ಗಂಟೆಗಟ್ಟಲೆ ಪ್ರಶ್ನೆ ಕೇಳಿ 'ತಿಳಿಸ್ತೀವಿ' ಅಂದಿದ್ದಾರೆ.

ಇವತ್ತು ಕನ್ನಡಕ ಓಡಿಕೊಂಡು ಬಂದ. ಓಡುವ ಪ್ರಾಣಿ ಅಲ್ಲ ಅವನು. ಆ ಮಸುಕು ಚುಕ್ಕೆಯ ಸ್ಪೆಕ್ಟ್ರಮ್. ಬೆಳ್ಳಿ ಕೂದಲಿನವರು ತಮ್ಮ ಟೆಲಿಸ್ಕೋಪ್ ಸಮಯದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ತೆಗೆಸಿದ್ದಂತೆ. ನನಗೆ ಹೇಳಿಯೂ ಇರಲಿಲ್ಲ.

ಚುಕ್ಕೆ ಮಧ್ಯೆಯೇ ಇದೆ, ಸರಿ. ಆದರೆ ಬಡಕಲು. ನಮಗೆ ಸಾಕಷ್ಟು ಹತ್ತಿರದ, ಪುಟಾಣಿ ಗೆಲಾಕ್ಸಿ. ಭೂತಗನ್ನಡಿಯೇನೋ ಹೌದು, ಆಟಿಕೆಯದು. ಲೆಕ್ಕ ಹಾಕಿದೆವು. ಬೆಳಕು ಹೆಚ್ಚಿದ್ದು ಹತ್ತರಲ್ಲೊಂದು ಪಾಲು.

ದೊಡ್ಡಪ್ಪ ಇಳಿಯಲಿಲ್ಲ. ದೊಡ್ಡಪ್ಪ ದೊಡ್ಡಪ್ಪನೇ.

ಕನ್ನಡಕ ಈ ಸಲ ತಾನೇ ಕುಣಿದ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಒಂದೂವರೆ ತಿಂಗಳ ಹಿಂದೆ ಇದು ಗೊತ್ತಿದ್ದರೆ. ಅದು ಬಿಡು. ಈಗ ಮನೆಗೆ ಹೋಗಿ ಹೇಗೆ ಹೇಳುವುದು? 'ನಿನಗೆ ಹುದ್ದೆ ಕೊಡಿಸಿದ ಮಾಡೆಲ್ ತಪ್ಪು ಕಣೋ' ಅಂತಲಾ?


ಮೇ 7, ಬುಧವಾರ, ರಾತ್ರಿ

ಹೇಳಿದೆ. ಇವನು ಅತ್ತೆಯ ಹಳೆಯ ಸೈಕಲ್ಲಿನ ಚೈನು ಬಿಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದ. ಕೈಯೆಲ್ಲ ಗ್ರೀಸು.

"ಎಷ್ಟು ಪಟ್ಟು?" ಅಂದ.

"ಹತ್ತರಲ್ಲೊಂದು ಪಾಲು ಜಾಸ್ತಿ, ಅಷ್ಟೇ."

ಮುಖದಲ್ಲಿ ಏನು ಬರುತ್ತದೆ ಅಂತ ನೋಡುತ್ತಿದ್ದೆ. ಮೊದಲು ಬಿಳಿಚಿತು. ಆಮೇಲೆ, ಇದು ನನಗೆ ಅರ್ಥವಾಗದ್ದು, ನಗು ಬಂತು. ಗ್ರೀಸಿನ ಕೈಯಲ್ಲೇ ತಲೆ ಹಿಡಿದುಕೊಂಡು ನಕ್ಕ.

"ಹಾಗಾದ್ರೆ ಅನಿಲ ಸೋರಲೇ ಇಲ್ಲ ಕಣೇ. ಯಾಕೆ ಸೋರಲಿಲ್ಲ?"

ಚೈನು ಅಲ್ಲೇ ಬಿಟ್ಟು ಒಳಗೆ ಹೋದ. ಸಂಜೆಯವರೆಗೆ ಬೋರ್ಡಿನ ಮುಂದೆ. ನಾನೂ ಹೋಗಿ ನಿಂತೆ. ಬೇಡ ಅಂದುಕೊಂಡೇ ಹೋದೆ. ಆ ಕಾಲದಲ್ಲಿ ಅನಿಲ ಈಗಿನದಕ್ಕಿಂತ ತುಂಬಾ ದಟ್ಟ. ಎಷ್ಟು ದಟ್ಟವೆಂದರೆ, ಮೊದಲ ನಕ್ಷತ್ರಗಳು ಸಿಡಿದು ಊದುವುದಕ್ಕೆ ಮುಂಚೆಯೇ, ಆ ಕೆಲವೇ ಲಕ್ಷ ವರ್ಷಗಳಲ್ಲಿ, ಉಳಿದದ್ದೆಲ್ಲ ಕುಸಿದು ನಕ್ಷತ್ರವಾಗಿಬಿಟ್ಟಿದ್ದರೆ? ಊದುವವನು ಬರುವ ಹೊತ್ತಿಗೆ ಊದಲು ಏನೂ ಉಳಿದಿಲ್ಲ. ಇರಬಹುದು. ಹಾಗಾದರೆ ಆಮೇಲೆ ಹೊರಗಿನಿಂದ ಹೊಸ ಅನಿಲ ಬೀಳದಂತೆ ತಡೆದದ್ದು ಯಾರು? ದೊಡ್ಡಪ್ಪ ಕೆಲಸ ನಿಲ್ಲಿಸಿದ್ದೇಕೆ? ಇವನು ಕಪ್ಪುಕುಳಿಯ ಬಿಸಿ ತಡೆಯಿತು ಅಂದ. ಅದರ ಗುರುತೇ ಇಲ್ಲ ಅಂದೆ. "ಆಗ ಇತ್ತು, ಈಗ ಮಲಗಿದೆ," ಅಂದ. "ಮಲಗಿದ್ದನ್ನ ಹೇಗೆ ತೋರಿಸ್ತೀಯ?" ಅಂದೆ.

ಜಗಳವಾಯಿತು. ಒಳ್ಳೆಯ, ಗಟ್ಟಿಯಾದ ಜಗಳ. ಅತ್ತೆ ಬಾಗಿಲಲ್ಲಿ ಇಣುಕಿ, "ಅಬ್ಬಾ, ಅಂತೂ," ಅಂದು ಹೋದರು.


ಮೇ 18, ಭಾನುವಾರ, ಸಂಜೆ

ಕೇಳಿಬಿಟ್ಟೆ. ಬಟ್ಟೆ ಒಣಹಾಕುತ್ತಿದ್ದೆವು, ತಂತಿಯ ಆ ಕಡೆ ಇವನು, ಈ ಕಡೆ ನಾನು, ನಡುವೆ ಬೆಡ್‌ಶೀಟು. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು.

"ಆವತ್ತು ಬೆಳಿಗ್ಗೆ ಆ ಚುಕ್ಕೆ ವಿಷಯ ಯಾಕೆ ಹೇಳ್ದೆ?"

ಆ ಕಡೆ ಎರಡು ಮೂರು ಕ್ಲಿಪ್ಪಿನ ಸದ್ದು.

"ಅದಕ್ಕೆ ಒಂದು ವಾರ ಮುಂಚೆನೇ ನೋಡಿದ್ದೆ."

"ಒಂದು ವಾರ."

"ಬಾಗಿಲ ತನಕ ಬರ್ತಿದ್ದೆ, ವಾಪಸ್ ಹೋಗ್ತಿದ್ದೆ. ಹೇಳಿದ್ರೆ ನಿನ್ನ ಕಾಲು ಎಳೆದ ಹಾಗೆ. ಹೇಳದಿದ್ರೆ, ಆ ಭೂತಗನ್ನಡಿ ಆಯಮ್ಮ ಸಮಿತಿಯಲ್ಲಿ ಇರ್ತಾರೆ ಅಂತ ಗೊತ್ತಿತ್ತು, ನಿನ್ನ ಕಾಲು ಮುರೀಲಿ ಅಂತ ಬಿಟ್ಟ ಹಾಗೆ. ಮೊದಲನೇ ದಿನವೇ ಹೇಳಿದ್ರೆ ನಿನಗೆ ತಯಾರಾಗೋಕೆ ಟೈಮ್ ಸಿಗ್ತಿತ್ತು. ಅದೂ ಗೊತ್ತಿತ್ತು."

"ಮತ್ತೆ?"

"ಹುದ್ದೆ ನನಗೂ ಬೇಕಿತ್ತು. ನಿನಗೆ ಸಿಗ್ಲಿ ಅಂತಾನೂ ಇತ್ತು. ಎರಡೂ ನಿಜ ಕಣೇ. ಯಾವುದಕ್ಕೆ ಹೇಳ್ದೆ ಅಂತ ಕೇಳಿದ್ರೆ ನನಗೇ ಗೊತ್ತಿಲ್ಲ."

ಬೆಡ್‌ಶೀಟು ಗಾಳಿಗೆ ಎದ್ದಿತು. ಮುಖ ಕಂಡಿತು. ಸುಳ್ಳು ಹೇಳುವವನ ಮುಖವಲ್ಲ. ಒಳ್ಳೆಯವನ ಮುಖವೂ ಅಲ್ಲ. ಕಂಗಾಲಾದವನ ಮುಖ. ಸಿಟ್ಟು ಬಂತು, ಜೊತೆಗೇ ಏನೋ ಹಗುರವಾಯಿತು. ಈ ಎರಡು ತಿಂಗಳಲ್ಲಿ ನನಗೆ ನಂಬಿಕೆ ಬಂದ ಮೊದಲ ಉತ್ತರ ಇದೇ. ಆದರೆ ಇದರಿಂದ ಏನು ಮಾಡಬೇಕು ಅನ್ನುವುದು… ಕ್ಷಮಿಸಬೇಕಾ? ಯಾವುದನ್ನು? ಒಂದು ವಾರವನ್ನಾ?

ಕೊನೆಗೆ ಹೇಳಿದ್ದು ಇಷ್ಟೇ: "ದಿಂಬಿನ ಕವರ್ ಕೊಡು."


ಮೇ 26, ಸೋಮವಾರ

ಸಮುದ್ರದೂರಿನವರು ಕೆಲಸ ಕೊಟ್ಟರು. ಮೂರು ವರ್ಷ. ದೊಡ್ಡಪ್ಪನಂಥವರು ಇನ್ನೆಷ್ಟು ಮಂದಿ ಇದ್ದಾರೆ ಅಂತ ಹುಡುಕುವುದೇ ಕೆಲಸ. ಒಬ್ಬನೇ ಇದ್ದರೆ ಅಪವಾದ ಅನ್ನಬಹುದು. ನೂರು ಸಿಕ್ಕರೆ ಗೆಲಾಕ್ಸಿಗಳು ಬೆಳೆಯುವ ಕಥೆಯನ್ನೇ ಮೊದಲಿಂದ ಬರೆಯಬೇಕು. ರೈಲಿನಲ್ಲಿ ಒಂದು ಹಗಲಿನ ದಾರಿ.

ಊಟವಾದ ಮೇಲೆ ಹೇಳಿದೆ. ಪುಟ್ಟಿಯನ್ನು ಕರೆದುಕೊಂಡು ಹೋಗುತ್ತೇನೆ ಅಂತಲೂ ಹೇಳಿದೆ, ಹೇಳುವವರೆಗೂ ಅದು ನನಗೆ ಗೊತ್ತಿರಲಿಲ್ಲ. ಇವನು ತಲೆಯಾಡಿಸಿದ. "ಹೋಗ್ಲೇಬೇಕು," ಅಂದ. ಅಷ್ಟು ಬೇಗ ಒಪ್ಪಿದ್ದಕ್ಕೆ ಬೇಸರವಾಯಿತು. ಬೇಡ ಅಂದಿದ್ದರೂ ಬೇಸರವಾಗುತ್ತಿತ್ತು.

ಪುಟ್ಟಿ ಕೇಳಿದ್ದು ಒಂದೇ. "ಅಲ್ಲಿ ಈಜು ಕಲಿಸ್ತಾರಾ?"

ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡರು. ಮಗನ ಜೊತೆ ಇರುತ್ತಾರೆ, ಅದರಲ್ಲಿ ಕೇಳುವಂಥದ್ದೇನಿದೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ.

"ನಾನು ಇವಳ ಜೊತೆ ಹೋಗ್ತೀನಿ."

"ಅಮ್ಮ?" ಅಂದ ಇವನು.

"ಹುಡುಗಿ ಸ್ಕೂಲಿಂದ ಬಂದಾಗ ಮನೇಲಿ ಯಾರಾದ್ರೂ ಬೇಡ್ವಾ? ನಿನಗೆ ನಲವತ್ತೆರಡು ವರ್ಷ. ಅನ್ನ ಮಾಡೋದು ಕಲಿ."

"ನಿಮಗೆ ಇಲ್ಲಿ ಸ್ನೇಹಿತರೆಲ್ಲ ಇದ್ದಾರಲ್ಲ ಅತ್ತೆ," ಅಂದೆ.

"ಅವರೆಲ್ಲ ಮಂಡಿನೋವಿನ ಬಗ್ಗೆ ಮಾತಾಡ್ತಾರೆ. ನಿಮ್ಮ ದೊಡ್ಡಪ್ಪನ ವಿಷಯ ಎಲ್ಲಿಗೆ ಬಂತು ಅಂತ ನನಗೆ ಗೊತ್ತಾಗ್ಬೇಕು."

ಎದ್ದು ತಟ್ಟೆ ಒಟ್ಟು ಮಾಡಿದರು. ಹನ್ನೆರಡು ವರ್ಷದಲ್ಲಿ ಅವರಿಗೆ ನಾನು ಇಷ್ಟವೋ ಇಲ್ಲವೋ ಅಂತ ತೀರ್ಮಾನವಾಗಿರಲಿಲ್ಲ, ನನಗೆ. ಈಗಲೂ, ನನಗಾಗಿ ಬರುತ್ತಾರೋ, ಮೊಮ್ಮಗಳಿಗಾಗಿಯೋ, ದೊಡ್ಡಪ್ಪನಿಗಾಗಿಯೋ.


ಜೂನ್ 7, ಶನಿವಾರ

ನಾಳೆ ಹೊರಡುವುದು. ಸಾಮಾನು ಎರಡು ಪಾಲಾಗಿದೆ. ದೊಡ್ಡ ಬಾಣಲೆ ಯಾರಿಗೆ ಅನ್ನುವುದರ ಮೇಲೆ ಅರ್ಧ ಗಂಟೆ ಚರ್ಚೆ. ಇವನು ಬೇಡ ಅಂದ. ನಾನೂ ಬೇಡ ಅಂದೆ. ಅತ್ತೆ ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು.

ಬೇರೆಯಾಗುತ್ತಿದ್ದೇವಾ? ಕನ್ನಡಕ ಕೇಳಿದ, ತೊದಲುತ್ತಾ. "ಕೆಲಸಕ್ಕೆ ಹೋಗ್ತಿದ್ದೀನಿ," ಅಂದೆ. ಅದು ಉತ್ತರವಲ್ಲ ಅಂತ ಅವನಿಗೂ ಗೊತ್ತಾಯಿತು. ಇವನೂ ನಾನೂ ಆ ಮಾತು ಆಡಿಯೇ ಇಲ್ಲ. ದಿನಾ ಆಡುವುದು ಅನಿಲದ ಮಾತು. ಹೊಸ ಮಾಡೆಲ್ ಓಡುತ್ತಿದೆ. ಅದರಲ್ಲಿ ಈಗ ದೊಡ್ಡಪ್ಪನಂಥವರು ಹುಟ್ಟುತ್ತಾರೆ. ಹುಟ್ಟಿ, ನಿಲ್ಲುವುದೇ ಇಲ್ಲ. ನಕ್ಷತ್ರ ಮಾಡುತ್ತಲೇ ಹೋಗುತ್ತಾರೆ. ಮೊದಲು ಹುಟ್ಟದ ಕಷ್ಟ, ಈಗ ನಿಲ್ಲದ ಕಷ್ಟ. ಇವನು ಖುಷಿಯಾಗಿದ್ದಾನೆ. ತಾನೇ ತಪ್ಪು ಅಂತ ಗೊತ್ತಾದ ಮೇಲೆ ಈ ಮನುಷ್ಯ ಇಷ್ಟು ಖುಷಿಯಾಗಿರುವುದನ್ನು ನೋಡಿಲ್ಲ.

ಡೈರೆಕ್ಟರ್ ಹತ್ತಿರವೂ ಹೋಗಿ ಹೇಳಿ ಬಂದನಂತೆ, ಆಯ್ಕೆಯಾಗಿದ್ದು ಹಳೆ ಮಾಡೆಲ್ಲಿಗೆ, ಅದು ತಪ್ಪು ಅಂತ ಗೊತ್ತಾಗಿದೆ, ಹುದ್ದೆ ವಾಪಸ್ ತಗೊಳ್ತೀರಾ ಅಂತ. ಅವರು ತಲೆ ಚಚ್ಚಿಕೊಂಡರಂತೆ. "ಮನೆಗೆ ಹೋಗಿ ಕೆಲಸ ಮಾಡ್ರೀ" ಅಂದರಂತೆ. ಇದನ್ನು ಇವನು ಹೇಳಲಿಲ್ಲ. ಪುಟ್ಟಿ ಹೇಳಿದಳು, ಅಪ್ಪ ಫೋನಿನಲ್ಲಿ ಯಾರಿಗೋ ಹೇಳುವಾಗ ಕೇಳಿಸಿಕೊಂಡು.


ಜೂನ್ 8, ಭಾನುವಾರ, ಬೆಳಿಗ್ಗೆ

ಟ್ಯಾಕ್ಸಿ ಬೀದಿಯ ತಿರುವಿನಲ್ಲಿ ದಾರಿ ಕೇಳುತ್ತಿದೆಯಂತೆ. ಐದು ನಿಮಿಷ ಸಿಕ್ಕಿದೆ.

ಅತ್ತೆ ಗೇಟಿನ ಹತ್ತಿರ ಕಮಾಂಡರ್ ಹಾಗೆ ನಿಂತಿದ್ದಾರೆ. ಪುಟ್ಟಿ ಪಕ್ಕದ ಮನೆಯ ನಾಯಿಗೆ ವಿದಾಯ ಹೇಳಿ ಬಂದಳು, ಮತ್ತೆ ಹೋದಳು. ಇವನು ಬೆಳಿಗ್ಗೆಯಿಂದ ಸಾಮಾನು ಬಾಗಿಲಿಗೆ ಸಾಗಿಸುತ್ತಿದ್ದಾನೆ. ನನ್ನ ಕಡೆ ನೋಡುತ್ತಿಲ್ಲ. ನಿನ್ನೆಯಿಂದ ಅಂದುಕೊಂಡಿದ್ದೆ, ಹೊರಡುವಾಗ ಒಂದು ಮಾತು ಹೇಳಬೇಕು ಅಂತ. ಯಾವ ಮಾತು ಅಂತ ಮಾತ್ರ ಗೊತ್ತಾಗಿಲ್ಲ.

ಅತ್ತೆಯ ಪೆಟ್ಟಿಗೆ, ಪುಟ್ಟಿಯ ಬ್ಯಾಗು, ನನ್ನವು ಎರಡು. ಪುಸ್ತಕದ ಡಬ್ಬ. ಅದರ ಹಿಂದೆ ಇನ್ನೊಂದು ಬ್ಯಾಗಿದೆ, ನೀಲಿಯದು. ನಾನು ಕಟ್ಟಿದ್ದಲ್ಲ. ಅತ್ತೆಯದೂ ಅಲ್ಲವಂತೆ. ರಜೆ ಹಾಕಿದ್ದಾನಾ? ಎಷ್ಟು ದಿನಕ್ಕೆ? ಬ್ಯಾಗು ಚಿಕ್ಕದೇನಲ್ಲ.

ಒಳಗೆ ಬೀಗದ ಕೈ ಹುಡುಕುವ ಸದ್ದು. ಎಲ್ಲ ಕಿಟಕಿ ಹಾಕುತ್ತಿದ್ದಾನೆ. ಮನೆಯಲ್ಲಿ ಉಳಿಯುವವನು ಎಲ್ಲ ಕಿಟಕಿ ಯಾಕೆ

ಹಾರ್ನ್. ಬಂತು. ಇವನೂ ಹೊರಗೆ ಬಂದ, ಕಾಲಲ್ಲಿ ಬೂಟು, ಕೈಯಲ್ಲಿ ಬೀಗ. ಎಷ್ಟು ದಿನಕ್ಕೆ ಅಂತ ಕೇಳುತ್ತೇನೆ, ಈಗಲೇ,